ಜೇನು ರವಾನೆಯಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೆ,

ಬಿಳಿಗಿರಿರಂಗನ ಬೆಟ್ಟದ ಸೀಮೆಯ ಪೋಡುಗಳಿಂದ (ಸೋಲಿಗ ಬುಡಕಟ್ಟಿನವರ ಹಾಡಿಗಳಿಂದ) ನಮ್ಮ ಸಂಘ ಸಂಗ್ರಹಿಸಿ ತಮಗೆ ಕಳುಹಿಸುವ ಹೆಜ್ಜೇನು ಈ ವರ್ಷ ವಾರಕ್ಕೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಮಾತ್ರ ರವಾನೆಯಾಗುತ್ತದೆ. ದೀಪಾವಳಿಯವರೆಗೆ ನಮ್ಮ ವಾಹನವನ್ನು ಕಾಡಿನ ಒಳರಸ್ತೆಗೆ ಇಳಿಸುವುದಿಲ್ಲವೆಂದು ತೀರ್ಮಾನಿಸಿದ್ದು, ಸಂಗ್ರಾಹಕರೇ ಕ್ಯಾನುಗಳನ್ನು ಹೊತ್ತು ಡಾಂಬರು ರಸ್ತೆಗೆ ತಲುಪಿಸುತ್ತಾರೆ. ಹೊರೆಯ ಕೂಲಿಗಾಗಿ ಕಿಲೋವೊಂದಕ್ಕೆ 20 ರೂಪಾಯಿ ಹೆಚ್ಚಿಸಿದ್ದೇವೆ. ಮುಂಗಡ ಕಟ್ಟಿದವರಿಗೆ ಹಳೆಯ ದರವೇ ಅನ್ವಯಿಸುತ್ತದೆ.

ಮಾರ್ಚ್ ತಿಂಗಳಲ್ಲಿ ಬಿದ್ದ ಬೆಂಕಿಯಲ್ಲಿ ಈ ರಸ್ತೆಯ ಮೇಲ್ಭಾಗದ ಇಳಿಜಾರು ಸುಟ್ಟುಹೋಗಿದೆ. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದ ಸುಮಾರು 4,400 ಹೆಕ್ಟೇರ್ ಕಾಡು ಸುಟ್ಟು, ನೀರು ಸುರಿಯಲು ವಾಯುಪಡೆಯ ಹೆಲಿಕಾಪ್ಟರುಗಳೇ ಬರಬೇಕಾಯಿತು. ಅದರ ಮುಂದೆ ನಮ್ಮದು ಸಣ್ಣ ಬೆಂಕಿ. ಆದರೆ ದೊಡ್ಡದಿರಲಿ ಸಣ್ಣದಿರಲಿ, ಬೆಂಕಿ ಆರಿದ ಮೇಲೆ ಕಾಡಿನ ರಸ್ತೆಯ ಗತಿ ಏನೆಂದು ಕೇಳುವವರು ಕಡಿಮೆ.

ನೋಡುವುದಕ್ಕೆ ರಸ್ತೆ ಚೆನ್ನಾಗಿಯೇ ಇದೆ, ಮಣ್ಣಿನ ರಸ್ತೆ ಸುಡುವುದಿಲ್ಲವಲ್ಲ. ಅಪಾಯವಿರುವುದು ಮಳೆಯಲ್ಲಿ. ನೀರನ್ನು ತಡೆದು ನಿಧಾನವಾಗಿ ನೆಲಕ್ಕಿಳಿಸುತ್ತಿದ್ದ ತರಗು ಬೂದಿಯಾಗಿದೆ; ಲಂಟಾನದಂತಹ ಎಣ್ಣೆಯಂಶದ ಗಿಡಗಳು ಉರಿದ ಕಡೆ ಅವುಗಳ ಆವಿ ಮಣ್ಣಿನೊಳಗೆ ತಣ್ಣಗಾಗಿ ಮೇಣದಂತಹ ಪದರ ಕಟ್ಟುವುದರಿಂದ, ಕೆಲವು ತಿಂಗಳ ಕಾಲ ಆ ನೆಲ ನೀರನ್ನು ಕುಡಿಯುವುದೇ ಇಲ್ಲ. ಭರಣಿ ಮಳೆ ಬಂದರೆ ಧರಣಿ ಬದುಕೀತು ಎನ್ನುತ್ತಾರೆ, ಆದರೆ ಸುಟ್ಟ ಇಳಿಜಾರಿಗೆ ಅದೇ ಮಳೆ ಕಂಟಕ. ಬಿದ್ದ ನೀರೆಲ್ಲ ಬೂದಿ, ಕೊಳ್ಳಿ, ಕಲ್ಲುಗಳನ್ನು ಹೊತ್ತು ಒಮ್ಮೆಲೇ ಇಳಿಯುತ್ತದೆ, ಮೋರಿಯ ಬಾಯಿ ಕಟ್ಟಿಕೊಳ್ಳುತ್ತದೆ, ಕಟ್ಟಿದ ನೀರು ರಸ್ತೆಯ ಮೇಲೆ ಹರಿದು ಅಂಚನ್ನು ಕೊಚ್ಚುತ್ತದೆ. ಇಂತಹ ಹೊತ್ತಿನಲ್ಲಿ ಹಸಿ ಮಣ್ಣಿನ ಮೇಲೆ ಚಕ್ರದ ಜಾಡು ಬಿದ್ದರೆ ಆ ಜಾಡೇ ಕಾಲುವೆಯಾಗುತ್ತದೆ. ವಾಹನ ನಿಲ್ಲಿಸಲು ಇದೇ ಮುಖ್ಯ ಕಾರಣ.

ಅರಣ್ಯ ಇಲಾಖೆಯ ಅನುಮತಿ ಪಡೆದು ಸಂಘದ ಸದಸ್ಯರೇ ಶ್ರಮದಾನದಿಂದ ಕೆಲವು ಕೆಲಸಗಳನ್ನು ಮಾಡಿದ್ದಾರೆ. ಮೋರಿಗಳನ್ನು ಬಿಡಿಸಿ, ಅವುಗಳ ಮೇಲ್ಗಡೆ ಕೊಳ್ಳಿಗಳನ್ನು ತಡೆಯುವ ಗೂಟದ ಬೇಲಿ ನೆಟ್ಟಿದ್ದೇವೆ. ನೀರು ಧುಮುಕುವ ಕಡೆ ಕಲ್ಲು ಹಾಸಿದ್ದೇವೆ. ಇಳಿಜಾರಿನಲ್ಲಿ ಅರೆಸುಟ್ಟ ದಿಮ್ಮಿಗಳನ್ನು ಅಡ್ಡಲಾಗಿ ಮಲಗಿಸಿ ಗೂಟ ಬಡಿದಿದ್ದೇವೆ. ನೀರು ದೂರ ಓಡದೆ ಅಲ್ಲಲ್ಲೇ ಪಕ್ಕಕ್ಕೆ ತಿರುಗುವಂತೆ ರಸ್ತೆಗೆ ಓರೆಯಾಗಿ ಮಣ್ಣಿನ ದಿಬ್ಬ ಹಾಕಿದ್ದೇವೆ. ಚರಂಡಿಯನ್ನು ಹುಲ್ಲುಸಮೇತ ಕೆರೆದು ಚೊಕ್ಕಟ ಮಾಡುವ ಹಳೆಯ ಚಾಳಿಯನ್ನು ಮಾತ್ರ ಬಿಟ್ಟಿದ್ದೇವೆ, ಏಕೆಂದರೆ ತಳದ ಮಣ್ಣನ್ನು ಹಿಡಿದಿರುವುದು ಆ ಹುಲ್ಲೇ. ಎಲ್ಲಕ್ಕಿಂತ ಕಷ್ಟವಾದದ್ದು ಕಣ್ಣಿಗೆ ಕಾಣದ ಪೊಳ್ಳುಗಳನ್ನು ಹುಡುಕುವುದು. ಮೇಲೆ ಬೆಂಕಿ ಆರಿದರೂ ಮರದ ಬೇರುಗಳು ನೆಲದಡಿ ದಿನಗಟ್ಟಲೆ ಕನಲುತ್ತಾ ಉರಿದು ಬಿಲದಂತಹ ಟೊಳ್ಳು ಬಿಡುತ್ತವೆ. ರಸ್ತೆಯಂಚನ್ನು ಮಾರು ಮಾರಿಗೆ ಹಾರೆಯಿಂದ ಕುಟ್ಟಿ, ಸದ್ದು ಬದಲಾದ ಕಡೆ ಅಗೆದು ಕಲ್ಲುಮಣ್ಣು ತುಂಬಿದ್ದೇವೆ.

ಹಿಂದೆ ಸೋಲಿಗರು ಬೇಸಿಗೆಯ ಮೊದಲಲ್ಲೇ ಹಗುರವಾಗಿ ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆ ಲಂಟಾನ ಆಳೆತ್ತರ ಬೆಳೆದು ಬೆಂಕಿಯ ಉರುಬು ಹೆಚ್ಚಿತೆಂದು ನಮ್ಮ ಹಿರಿಯ ಸದಸ್ಯರು ಹೇಳುತ್ತಾರೆ. ಅದು ಈ ಪತ್ರಕ್ಕೆ ಮೀರಿದ ವಿಷಯವಾದರೂ ರಸ್ತೆಯ ಪಾಡಿಗೂ ಅದಕ್ಕೂ ಸಂಬಂಧವಿಲ್ಲವೆನ್ನಲಾಗದು.

ಆನೆಗಳ ಓಡಾಟದಿಂದಾಗಿ ಹೊರೆಯವರು ಗುಂಪಾಗಿ, ಹಗಲಿನಲ್ಲೇ, ದಿನಕ್ಕೆ ಒಂದೇ ಸಲ ಬರಬೇಕಾಗುತ್ತದೆ. ಜೋರು ಮಳೆಯಾದರೆ ರವಾನೆ ಇನ್ನೂ ಎರಡು ಮೂರು ದಿನ ತಡವಾಗಬಹುದು. ಔಷಧಿಗಾಗಿ ಜೇನು ಬೇಕಾದವರು ದಯವಿಟ್ಟು ಮೊದಲೇ ತಿಳಿಸಿದರೆ ಅವರ ಪಾಲನ್ನು ತೆಗೆದಿರಿಸುತ್ತೇವೆ. ಮಳೆಗಾಲ ಮುಗಿದು ಇಳಿಜಾರಿನಲ್ಲಿ ಹುಲ್ಲು ಹಿಡಿದ ಮೇಲೆ, ಹಾರೆಯೊಂದಿಗೆ ರಸ್ತೆಯನ್ನು ಮತ್ತೊಮ್ಮೆ ನಡೆದು ನೋಡಿ, ವಾಹನ ಬಿಡುವ ದಿನವನ್ನು ತಮಗೆ ತಿಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಸದಸ್ಯರೆಲ್ಲರ ಪರವಾಗಿ)