ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳು

ಮೊನ್ನೆ ಮಗ ತನ್ನ ಟೀ ಶರ್ಟನ್ನು ತಾನೇ ತಲೆಯ ಮೇಲಿಂದ ತೆಗೆದ. ಬೇರೆ ಮನೆಗಳಲ್ಲಿ ಇದು ಸುದ್ದಿಯೇ ಅಲ್ಲ. ಮಗ ಮೈ ಸುಟ್ಟುಕೊಂಡ ಮೇಲೆ ನಮ್ಮಲ್ಲಿ ಇದಕ್ಕೆ 14 ತಿಂಗಳು ಹಿಡಿಯಿತು. ಅದು ಹೇಗಾಯಿತು ಅನ್ನುವುದು ಮತ್ತೆ ಬೇಡ.

ಸುಟ್ಟ ಗಾಯ ಮಾಗಿದರೆ ಮುಗಿಯಿತು ಅಂದುಕೊಂಡಿದ್ದೆವು. ಕೆಲಸ ಶುರುವಾಗಿದ್ದೇ ಆಮೇಲೆ. ಹೊಸ ಚರ್ಮ ಬಿಗಿಯುತ್ತಾ ಹೋಗುತ್ತದೆ. ಮಗುವಿಗೆ ಹಾಯೆನಿಸುವುದು ತೋಳನ್ನು ಮೈಗೆ ಅವುಚಿಕೊಂಡಾಗ. ಪಾಪ ಅಂತ ಹಾಗೇ ಬಿಟ್ಟರೆ ತೋಳು ಅಲ್ಲೇ ಕೂತುಬಿಡುತ್ತದೆ. ಜೊತೆಗೆ, ಗಾಯ ದೊಡ್ಡದಾಗಿದ್ದರೆ ಎದೆಬಡಿತ ತಿಂಗಳುಗಟ್ಟಲೆ ಜೋರಾಗೇ ಇರುತ್ತದೆ, ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ಆ ಓಟ ತಗ್ಗಿಸಲು ಪ್ರೊಪ್ರನೊಲಾಲ್ ಕೊಟ್ಟ ಡಾಕ್ಟರು, "ಔಷಧಿ ಕರಗೋದನ್ನ ತಡೆಯುತ್ತೆ, ಬೆಳೆಸೋದು ವ್ಯಾಯಾಮ" ಅಂತ 12 ವಾರದ ಪಟ್ಟಿ ಕೈಗಿಟ್ಟ ಫಿಸಿಯೋ, ಸುಟ್ಟ ಕಲೆಯನ್ನು ಒತ್ತಿಹಿಡಿಯಲು ದಿನಕ್ಕೆ 23 ಗಂಟೆ ತೊಡುವ ಬಿಗಿ ಬಟ್ಟೆಯನ್ನು (ಪ್ರೆಶರ್ ಗಾರ್ಮೆಂಟ್) ಅವನು ಬೆಳೆದಂತೆಲ್ಲ ಮತ್ತೆ ಹೊಲಿದುಕೊಟ್ಟವರು, ಅವನ ಟೀಚರು, ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಬಗ್ಗೆ ಮಾತ್ರ ಜಾಸ್ತಿ ಹೇಳಬೇಕು.

ನೋವಿನ ಔಷಧಿ ಕೊಟ್ಟು, ಅರ್ಧ ಗಂಟೆ ಬಿಟ್ಟು ವ್ಯಾಯಾಮ. ಆ ಅರ್ಧ ಗಂಟೆ ಅವನನ್ನು ಮಾತಿಗೆಳೆಯುವವಳು ಅವಳು. ಆಮೇಲೆ ಅವನ ಬೆರಳುಗಳು ಇರುವೆ ಥರ ಗೋಡೆ ಹತ್ತಬೇಕು. ಮುಟ್ಟಿದಲ್ಲಿ ಅವಳು ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ಕೆಲವು ವಾರ ಗೆರೆ ಮೇಲೇರಲೇ ಇಲ್ಲ. ಒಂದರ ಮೇಲೊಂದು ಬಿದ್ದು ಅಲ್ಲಿ ಗೋಡೆ ಕಪ್ಪಾಗಿದೆ.

ಒಂದು ರಾತ್ರಿ ತುರಿಕೆ ತಡೆಯಲಾಗದೆ ಕೂಗಿಕೊಂಡ. ಔಷಧಿ ಆಗಿತ್ತು, ಕ್ರೀಮ್ ಆಗಿತ್ತು. "ಅಮ್ಮಾ, ದಿನಾ ನೋವು ಮಾಡೋಳು ನೀನೇ" ಅಂದ. ನಾನು ಎದ್ದು ಹೊರಗೆ ಹೋದೆ. ಹೌದು, ಮಗುವನ್ನು ಬಿಟ್ಟು ಹೋದೆ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಬೆಳಗಿನ ಜಾವ ಒಳಗೆ ಬಂದರೆ ಅಕ್ಕ ಕಲೆಯ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟುತ್ತಾ ಕೂತಿದ್ದಳು. ಕೆರೆಯಬಾರದು, ತಟ್ಟಬಹುದು. ಎಷ್ಟು ಹೊತ್ತಿಂದ ಅಂತ ಕೇಳಿದೆ. "ಸುಮ್ನೆ ಮಲ್ಕೋ ಹೋಗೇ, ಎಂಟಕ್ಕೆ ಗೋಡೆ ಹತ್ತಿಸ್ಬೇಕು" ಅಂದಳು.

ಕೆಲಸ ಇನ್ನೂ ಇದೆ. ಮಗು ಬೆಳೆದಷ್ಟು ಕಲೆ ಹಿಗ್ಗುವುದಿಲ್ಲ, ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಆಗಲಿ, ನೋಡೋಣ.

ಅಂದಹಾಗೆ, ತೆಗೆದ ಟೀ ಶರ್ಟನ್ನು ಅವನು ಎಸೆದದ್ದು ನೇರ ದೊಡ್ಡಮ್ಮನ ಮುಖಕ್ಕೆ. "ಮಡಚಿಡೋ ಕತ್ತೆ" ಅಂದಳು. ಅದನ್ನು ಮುಖದಿಂದ ತೆಗೆಯಲು ಮಾತ್ರ ಸ್ವಲ್ಪ ಹೊತ್ತು ತಗೊಂಡಳು.