ಭಾನುವಾರದ ಸಭೆ: ಕಾರ್-ಟಿ ಚಿಕಿತ್ಸೆ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10:30ಕ್ಕೆ ಮಂಗಳೂರಿನ ಕದ್ರಿ ಪಾರ್ಕ್ ಹತ್ತಿರ, ನಾವು ಯಾವಾಗಲೂ ಸೇರುವ ಹಾಲ್‌ನಲ್ಲೇ ಸಭೆ ಉಂಟು. ರಕ್ತದ ಕ್ಯಾನ್ಸರ್ ಇರುವವರೂ ಅವರ ಮನೆಯವರೂ ಬನ್ನಿ. ಉಡುಪಿ ಕಡೆಯವರಿಗೆ ಕೆಪಿಟಿ ಬಸ್ ಸ್ಟಾಪಿನಲ್ಲಿ ಇಳಿದರೆ ಹತ್ತಿರ.

ಜೀನ್ ಇಂಜೆಕ್ಷನ್ ಕೊಟ್ಟರೆ ಎಲ್ಲಾ ಕ್ಯಾನ್ಸರೂ ಹೋಗುತ್ತದೆ ಅಂತ ಒಂದು ಮೆಸೇಜ್ ಓಡಾಡುತ್ತಿದೆ ಅಲ್ವಾ, ಅದನ್ನು ನಂಬಿ ಯಾರೂ ಕೀಮೋ ನಿಲ್ಲಿಸಬೇಡಿ ಮಾರಾಯ್ರೆ. ಜೀನ್ ಬಳಸುವ ಚಿಕಿತ್ಸೆ ಅಂದರೆ ಈ ಕಾರ್-ಟಿ. ಅದರಲ್ಲಿ ರೋಗಿಯ ರಕ್ತದಿಂದಲೇ ಟಿ ಕಣಗಳನ್ನು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ತೆಗೆದು, ಲ್ಯಾಬ್‌ನಲ್ಲಿ ಹೊಸ ಜೀನ್ ಸೇರಿಸಿ, ಕ್ಯಾನ್ಸರ್ ಕಣವನ್ನು ಗುರುತು ಹಿಡಿಯುವ ಹಾಗೆ ಮಾಡಿ, ಸಂಖ್ಯೆ ಹೆಚ್ಚಿಸಿ, ಡ್ರಿಪ್‌ನಲ್ಲಿ ವಾಪಸ್ ಕೊಡುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯವರ ಕೆಲಸದಿಂದ ಬಂದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದಲ್ಲೇ ಆದದ್ದು, ನನಗಂತೂ ತುಂಬಾ ಖುಷಿ. ಆದರೆ ಅದು ಬಿ ಕಣ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣದಲ್ಲಿ ಶುರುವಾಗುವ ಕೆಲವು ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್), ಲಿಂಫೋಮಾಗಳಿಗೆ (ದುಗ್ಧಗ್ರಂಥಿಗಳ ಕ್ಯಾನ್ಸರ್) ಮಾತ್ರ, ಅದೂ ಬೇರೆ ಚಿಕಿತ್ಸೆ ಹಿಡಿಯದಿದ್ದರೆ ಅಥವಾ ರೋಗ ಮತ್ತೆ ಬಂದರೆ. ಸ್ತನ, ಶ್ವಾಸಕೋಶದ ಗಡ್ಡೆಗಳಿಗೆ ಇನ್ನೂ ಪ್ರಯೋಗ ನಡೆಯುತ್ತಿದೆ, ಗಡ್ಡೆಯ ಒಳಗೆ ಈ ಕಣಗಳು ನುಗ್ಗುವುದೇ ಕಷ್ಟ. ಜೋರು ಜ್ವರ ಬರಬಹುದು, ಬಿಪಿ ಇಳಿಯಬಹುದು, ಹಾಗಾಗಿ ಆಸ್ಪತ್ರೆಯಲ್ಲೇ ಇರಬೇಕು. ಖರ್ಚೂ ಹತ್ತಾರು ಲಕ್ಷ.

ಬರುವಾಗ ಬಯಾಪ್ಸಿ ರಿಪೋರ್ಟ್, ಫ್ಲೋ ಸೈಟೋಮೆಟ್ರಿ (ಕಣಗಳ ಬಗೆ ಗುರುತಿಸುವ ಪರೀಕ್ಷೆ) ರಿಪೋರ್ಟ್, ಕೊನೆಯ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ತನ್ನಿ. ರಿಪೋರ್ಟ್ ಫೋಟೋ ಗುಂಪಿಗೆ ಹಾಕಬೇಡಿ, ಹೆಸರು ವಿವರ ಎಲ್ಲ ಇರುತ್ತದೆ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಶುಕ್ರವಾರ ಸಂಜೆಯೊಳಗೆ ನನಗೆ ಪರ್ಸನಲ್ ಆಗಿ ಕಳಿಸಿ. ಬರುವವರು ಎಷ್ಟು ಜನ ಅಂತ ಇಲ್ಲೇ ಬರೆಯಿರಿ, ಚಹಾ ತಿಂಡಿಗೆ ಹೇಳಬೇಕು.