ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವ ರಿಪೇರಿ ಪುಸ್ತಕಗಳು

ಸಂಪಾದಕರಿಗೆ,

ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ಶುರುವಾದ ಮೇಲೆ ರಸ್ತೆ ಬದಿಯ ಹಳೆ ಗ್ಯಾರೇಜುಗಳಲ್ಲಿ ಕೆಲವು ಒಳದಾರಿಗೆ ಸರಿದವು, ಕೆಲವು ಬಾಗಿಲು ಹಾಕಿದವು. ಜಾಗ ಖಾಲಿ ಮಾಡುವಾಗ ಜಾಕಿ, ವೈಸು, ಸ್ಪ್ಯಾನರ್ ಸೆಟ್ಟಿಗೆ ಗಿರಾಕಿ ಸಿಗುತ್ತಾರೆ. ಅಟ್ಟದ ಮೇಲಿದ್ದ, ವಾಹನ ಕಂಪನಿಗಳೇ ಅಚ್ಚು ಹಾಕಿದ ರಿಪೇರಿ ಮ್ಯಾನುವಲ್‌ಗಳು ಮಾತ್ರ ಹಳೆ ಪೇಪರಿನ ಜೊತೆ ಗುಜರಿಯ ತಕ್ಕಡಿಗೆ ಬೀಳುತ್ತವೆ. ಲೆಕ್ಕ ಹಾಕಿ ನೋಡಿ: 600 ಪುಟದ ಒಂದು ಪುಸ್ತಕವೆಂದರೆ 300 ಹಾಳೆ. ಎ4 ಅಳತೆಯ ಸಾಧಾರಣ ಹಾಳೆಗೆ 5 ಗ್ರಾಂ, ಒಟ್ಟು ಒಂದೂವರೆ ಕಿಲೋ. ಕಿಲೋಗೆ 15 ರೂಪಾಯಿ ಹಿಡಿದರೆ ಇಪ್ಪತ್ತೆರಡೂವರೆ ರೂಪಾಯಿ. ಅದೇ ಪುಸ್ತಕವನ್ನು ಪುಟಕ್ಕೆ ಒಂದೂವರೆ ರೂಪಾಯಿಯಂತೆ ಜೆರಾಕ್ಸ್ ಮಾಡಿಸಿದರೆ 900 ರೂಪಾಯಿ, ಬೈಂಡಿಂಗ್ ಬೇರೆ. ಪುಟ ತಪ್ಪದ, ಈಗಲೂ ಓಡುವ ಗಾಡಿಯ ಪುಸ್ತಕಕ್ಕೆ ಚೌಕಾಸಿ ಶುರುವಾಗಬೇಕಾದದ್ದು ಈ ಎರಡನೆಯ ಲೆಕ್ಕದಿಂದ, ತಕ್ಕಡಿಯಿಂದಲ್ಲ.

ಇನ್ನು ಕೆಲವರದ್ದು ಉಲ್ಟಾ ತಪ್ಪು. ಮೊಬೈಲಿನಲ್ಲಿ ಯಾರೋ ಹತ್ತು ಸಾವಿರ ಎಂದು ಹಾಕಿದ್ದನ್ನು ನೋಡಿ ತಮ್ಮದಕ್ಕೂ ಅಷ್ಟೇ ಬೇಕೆಂದು ಕೂರುತ್ತಾರೆ. ಹೇಳಿದ ಬೆಲೆ ಬೇರೆ, ಹೋದ ಬೆಲೆ ಬೇರೆ. ಎರಡು ವರ್ಷದಿಂದ ಅದೇ ಫೋಟೊದಲ್ಲಿ ಕೂತಿರುವ ಪುಸ್ತಕ ಯಾರಿಗೂ ಆ ಬೆಲೆಗೆ ಬೇಡ ಎಂದಷ್ಟೇ ಅರ್ಥ.

ಕೈಯಲ್ಲಿರುವುದು ಯಾವ ಪುಸ್ತಕ ಎಂಬುದು ಮೊದಲು ಗೊತ್ತಾಗಬೇಕು. ನಮ್ಮ ಕಡೆ ಎಲ್ಲವನ್ನೂ ‘ಕ್ಯಾಟಲಾಗ್’ ಎಂದೇ ಕರೆಯುವುದರಿಂದ ಅರ್ಧ ಗೊಂದಲ ಅಲ್ಲಿಂದಲೇ. ಗಾಡಿಯ ಡ್ಯಾಶ್‌ಬೋರ್ಡಿನೊಳಗೆ ಬರುವ ಓನರ್ಸ್ ಮ್ಯಾನುವಲ್‌ನಲ್ಲಿ ಟಯರಿನ ಗಾಳಿ, ಆಯಿಲ್ ಅಳತೆ, ಬಲ್ಬಿನ ವ್ಯಾಟ್ ಇರುತ್ತದೆ. ಅಪರೂಪದ ಹಳೆ ಕಾರಿನದ್ದಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ. ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ಬಿಡಿಭಾಗದ ಚಿತ್ರ ಮತ್ತು ನಂಬರು ಸಿಗುತ್ತದೆ, ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕೆಂಬುದು ಸಿಗುವುದಿಲ್ಲ. ಎಂಜಿನ್ ವಾಲ್ವಿನ ಟ್ಯಾಪೆಟ್ ಗ್ಯಾಪು, ಬೇರಿಂಗಿನ ಸವೆತದ ಮಿತಿ, ಟಾರ್ಕ್ ಅಂದರೆ ಬೋಲ್ಟ್ ಬಿಗಿಯುವ ಅಳತೆ, ವೈರಿಂಗ್ ಎಲ್ಲ ಇರುವುದು ಸರ್ವಿಸ್ ಮ್ಯಾನುವಲ್‌ನಲ್ಲಿ. ದುಡ್ಡು ಹುಟ್ಟುವುದೂ ಅದಕ್ಕೇ. ಅಲ್ಲೂ ಒಂದು ಗುಂಡಿ ಇದೆ. ಮಾಡೆಲ್ ಬದಲಾದಾಗ ಕಂಪನಿಗಳು ಪೂರ್ತಿ ಪುಸ್ತಕ ಅಚ್ಚು ಹಾಕದೆ ಸಪ್ಲಿಮೆಂಟ್ ಎಂಬ ತೆಳ್ಳಗಿನ ಸಂಪುಟ ಬಿಡುತ್ತವೆ. ಹೊದಿಕೆ ಹೆಚ್ಚುಕಮ್ಮಿ ಒಂದೇ ಥರ. ಒಳಗೆ ಮೊದಲ ಪುಟಗಳಲ್ಲಿ ‘ಇದರಲ್ಲಿ ಇಲ್ಲದ್ದಕ್ಕೆ ಇಂಥ ನಂಬರಿನ ಮ್ಯಾನುವಲ್ ನೋಡಿ’ ಎಂದು ಬರೆದಿರುತ್ತದೆ. ಆ ಮೂಲ ಪುಸ್ತಕವಿಲ್ಲದೆ ಸಪ್ಲಿಮೆಂಟ್ ಒಂದೇ ಕೊಂಡವನಿಗೆ ಬದಲಾದ ನಾಲ್ಕು ಭಾಗಗಳ ವಿವರ ಸಿಕ್ಕೀತು, ಎಂಜಿನ್ ಬಿಚ್ಚಲು ಆಗದು. ಮಾರುವವರು ಪ್ರಕಟಣೆಯ ನಂಬರನ್ನೇ ಮೊದಲು ಬರೆಯಲಿ. ಸುಜುಕಿಯ ಸರ್ವಿಸ್ ಮ್ಯಾನುವಲ್ ನಂಬರು 99500 ಎಂದು ಶುರುವಾಗುತ್ತದೆ, ಟೊಯೋಟಾದ್ದು ‘ಆರ್‌ಎಂ’ ಅಕ್ಷರಗಳಿಂದ.

ಹೆಚ್ಚು ಓಡಿದ ಕಾರಿನ ಪುಸ್ತಕಕ್ಕೆ ಹೆಚ್ಚು ಬೆಲೆ ಎಂಬ ನಂಬಿಕೆ ಸರಿಯಲ್ಲ. ಮಾರುತಿ 800 ಊರೆಲ್ಲ ಇತ್ತು, ಹಾಗಾಗಿ ಪುಸ್ತಕವೂ ಊರೆಲ್ಲ ಇದೆ. ಅದರಲ್ಲೂ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಕಾಲದ ಪುಸ್ತಕ, ಅದರ ಬದಲು ಫ್ಯುಯಲ್ ಇಂಜೆಕ್ಷನ್ ಬಂದ ನಂತರದ ಗಾಡಿಯ ಇಂಧನ ಮತ್ತು ವೈರಿಂಗ್ ಕೆಲಸಕ್ಕೆ ಬರುವುದಿಲ್ಲ. ಕೇಳುವವರು ಇರುವುದು ಬೇರೆ ಗಾಡಿಗಳಿಗೆ. ಮುಳ್ಳೇರಿಯ, ಆದೂರು ಕಡೆಯ ಗುಡ್ಡದ ದಾರಿಗಳಲ್ಲಿ ದುಡಿದಂಥ ಮಹೀಂದ್ರ ಜೀಪಿನ 2112 ಸಿಸಿ ಪೂಜೋ ಡೀಸೆಲ್ ಎಂಜಿನ್ನಿನದ್ದು, ಅಂಬಾಸಿಡರ್, ಕಾಂಟೆಸ್ಸಾಗಳಿಗೆ ಬಂದ 1817 ಸಿಸಿ ಇಸುಜು ಪೆಟ್ರೋಲ್ ಎಂಜಿನ್ನಿನದ್ದು, ಫಿಯೆಟ್ 1100ರದ್ದು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ಸಿಗುವಂತಾಯಿತು. ಮೂಲ ರೂಪ ಎಂದಾಗ ಮೂಲ ಪುಸ್ತಕವೂ ಬೇಕಾಗುತ್ತದಲ್ಲ! ಹೊಸ ಕಾರುಗಳ ಸರ್ವಿಸ್ ಮ್ಯಾನುವಲ್ ವಿಷಯ ಕೇಳಬೇಡಿ; ಹೆಚ್ಚಿನವು ಕಂಪನಿಯ ಲಾಗಿನ್ ಇಲ್ಲದೆ ತೆರೆಯುವುದಿಲ್ಲ, ಮರುಮಾರಾಟಕ್ಕೆ ವಸ್ತುವೇ ಇಲ್ಲ.

ಕಾಸರಗೋಡಿನಲ್ಲಿ ಇನ್ನೊಂದು ಬಗೆಯ ಪುಸ್ತಕ ಸಿಗುತ್ತದೆ, ಗಲ್ಫ್‌ನಿಂದ ಬಂದದ್ದು. ಟೊಯೋಟಾದ ಲ್ಯಾಂಡ್ ಕ್ರೂಸರ್, ಹೈಲಕ್ಸ್ ಪುಸ್ತಕಗಳನ್ನು ‘ಇಲ್ಲಿ ಆ ಗಾಡಿಯೇ ಇಲ್ಲ’ ಎಂದು ಎಸೆಯುವುದುಂಟು. ಎಸೆಯುವ ಮುಂಚೆ ಎಂಜಿನ್ ಕೋಡ್ ನೋಡಿ. ಟೊಯೋಟಾ ಹಿಂದೆ ಎಂಜಿನ್ನಿಗೊಂದು, ಚಾಸಿ ಮತ್ತು ಬಾಡಿಗೊಂದು ಎಂದು ಬೇರೆ ಬೇರೆ ಪುಸ್ತಕ ಅಚ್ಚು ಮಾಡುತ್ತಿತ್ತು. ಡೀಸೆಲ್ ಹೈಲಕ್ಸ್‌ನಲ್ಲಿದ್ದ ‘2ಎಲ್’ ಎಂಜಿನ್ 2446 ಸಿಸಿಯದ್ದು. 2000ದಲ್ಲಿ ಇಲ್ಲಿ ಬಂದ ಟೊಯೋಟಾ ಕ್ವಾಲಿಸ್‌ಗೆ ಹಾಕಿದ್ದೂ ಅದೇ ವಂಶದ್ದೇ. ಹಾಗಾಗಿ ಗಲ್ಫಿನ 2ಎಲ್ ಎಂಜಿನ್ ಪುಸ್ತಕಕ್ಕೆ ಕ್ವಾಲಿಸ್ ಇಟ್ಟುಕೊಂಡವರು ಗಿರಾಕಿ. ಚಾಸಿ ಪುಸ್ತಕ ಮಾತ್ರ ಎಡಗೈ ಸ್ಟೇರಿಂಗಿನ ಗಾಡಿಯದ್ದು, ವೈರಿಂಗಿಗೆ ಅದನ್ನು ನಂಬಬಾರದು.

ಪುಸ್ತಕ ಪರೀಕ್ಷಿಸುವಾಗ ಹೊದಿಕೆ ನೋಡಿ ಮರುಳಾಗದೆ ಹಿಂದಿನಿಂದ ತೆರೆಯಿರಿ. ಮಡಚಿದ ವೈರಿಂಗ್ ನಕ್ಷೆ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ, ಮೊದಲು ಹರಿದುಹೋಗುವುದೂ ಅದೇ. ಪುಟಸಂಖ್ಯೆ ಒಂದರಿಂದ ಕೊನೆಯವರೆಗೆ ಓಡುವುದಿಲ್ಲ. ‘6ಎ-12’ ಎಂಬಂತೆ ವಿಭಾಗವಾರು ಇರುವುದರಿಂದ ಒಂದು ವಿಭಾಗವೇ ಕಾಣೆಯಾದರೂ ಕಣ್ಣಿಗೆ ಬೀಳದು. ಮೊದಲ ಪುಟದ ವಿಭಾಗಪಟ್ಟಿಗೆ ತಾಳೆ ಹಾಕಲೇಬೇಕು. ವೈರಿಂಗ್ ನಕ್ಷೆ ಇಲ್ಲದ್ದಕ್ಕೆ ಹಳೆ ಪುಸ್ತಕದ ವ್ಯಾಪಾರಿಗಳಾದ ನಾವು ಅರ್ಧಕ್ಕಿಂತ ಹೆಚ್ಚು ಕೊಡುವುದಿಲ್ಲ. ಗ್ರೀಸಿನ ಬೆರಳಚ್ಚು ದೋಷವೇನಲ್ಲ. ಟೈಮಿಂಗ್ ಗುರುತಿನ ಪುಟ ಕಪ್ಪಗಿದ್ದರೆ ಪುಸ್ತಕ ಕೆಲಸ ಮಾಡಿದೆ ಎಂದರ್ಥ. ಅಂಕಿ ಓದಲು ಬಂದರೆ ಮೆಕ್ಯಾನಿಕ್ ಕೊಳ್ಳುತ್ತಾನೆ, ಸಂಗ್ರಹಕಾರ ಮೂಗು ಮುರಿಯುತ್ತಾನೆ.

ಜೆರಾಕ್ಸ್ ಪ್ರತಿಯನ್ನು ಅಸಲಿ ಎಂದು ದಾಟಿಸುವುದು ಮಾಮೂಲು. ಫೋಟೊ ಇರುವ ಪುಟ ತೆರೆಯಿರಿ. ಅಸಲಿಯಲ್ಲಿ ಗೇರಿನ ಹಲ್ಲುಗಳನ್ನು ಎಣಿಸಬಹುದು, ಜೆರಾಕ್ಸಿನಲ್ಲಿ ಅದು ಕರಿ ಮುದ್ದೆ. ನಿಜವಾದ ಅಪಾಯ ಇರುವುದು ವೈರಿನ ಬಣ್ಣದ ಸಂಕೇತದಲ್ಲಿ. ಸುಜುಕಿಯ ಹಳೆ ನಕ್ಷೆಯಲ್ಲಿ ‘ಬಿ’ ಎಂದರೆ ಕಪ್ಪು, ‘ಬಿಎಲ್’ ಎಂದರೆ ನೀಲಿ. ಎರಡು ಸಲ ಜೆರಾಕ್ಸ್ ಆದ ಪುಟದಲ್ಲಿ ಆ ಸಣ್ಣ ‘ಎಲ್’ ಅಳಿಸಿಹೋದರೆ ನೀಲಿ ವೈರು ಕಪ್ಪಾಗುತ್ತದೆ. ಕಪ್ಪನ್ನು ಅರ್ಥ್ ವೈರೆಂದುಕೊಂಡು ಗಾಡಿಯ ಲೋಹದ ಮೈಗೆ ಜೋಡಿಸಿದರೆ ಫ್ಯೂಸ್ ಹೋಗುವುದು ಅದೃಷ್ಟ, ವೈರಿಂಗ್ ಸುಡುವುದು ದುರದೃಷ್ಟ. ಪೆನ್‌ಡ್ರೈವಿನಲ್ಲಿ ಮಾರುವ ಪ್ರತಿಗಳಲ್ಲಿ ಮಡಚಿದ ನಕ್ಷೆಯನ್ನು ಎ4ಗೆ ಕತ್ತರಿಸಿ ಸ್ಕ್ಯಾನ್ ಮಾಡಿದ್ದೇ ಹೆಚ್ಚು. ಅಲ್ಲದೆ ನಮ್ಮ ಹಳೆ ಪುಸ್ತಕ ನಾವು ಮಾರುವುದಕ್ಕೆ ಅಡ್ಡಿಯಿಲ್ಲ, ಪ್ರತಿ ತೆಗೆದು ಮಾರುವುದು 1957ರ ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧ.

ಟಾರ್ಕ್ ಪಟ್ಟಿಯ ತಲೆಯಲ್ಲಿ ಯಾವ ಮಾನ ಎಂದು ಬರೆದ ಸಾಲು ಹರಿದಿದ್ದರೂ ಬೆಲೆ ಇಳಿಯಬೇಕು. 60 ನ್ಯೂಟನ್ ಮೀಟರ್ ಎಂದರೆ ಸುಮಾರು 6.1 ಕಿಲೋಗ್ರಾಂ-ಮೀಟರ್, 44 ಪೌಂಡ್ ಫೂಟ್. ಆ 60ನ್ನು ಪೌಂಡ್ ಫೂಟ್ ಎಂದುಕೊಂಡು ರೆಂಚ್ ಇಟ್ಟರೆ 81 ನ್ಯೂಟನ್ ಮೀಟರ್ ಆಗುತ್ತದೆ; ಅಲ್ಯೂಮಿನಿಯಂ ಭಾಗದಲ್ಲಿ ಥ್ರೆಡ್ಡೇ ಕಿತ್ತು ಬರಬಹುದು.

ನಮ್ಮ ಮಳೆಗೆ ಪುಸ್ತಕ ಉಳಿಯುವುದೇ ಕಷ್ಟ. ನುಣುಪು ಕಾಗದದ ಪುಟಗಳು ಒದ್ದೆಯಾಗಿ ಒಣಗಿದರೆ ಇಟ್ಟಿಗೆಯಂತೆ ಅಂಟುತ್ತವೆ, ಆಮೇಲೆ ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಒದ್ದೆ ಇರುವಾಗಲೇ ಪುಟಗಳ ನಡುವೆ ಖಾಲಿ ಬಿಳಿ ಹಾಳೆ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಬೇಕು. ನ್ಯೂಸ್‌ಪೇಪರ್ ಇಟ್ಟರೆ ಶಾಯಿ ಹತ್ತುತ್ತದೆ, ಬಿಸಿಲಿಗಿಟ್ಟರೆ ಹಾಳೆ ಸೊಟ್ಟಗಾಗುತ್ತದೆ. ಬೂಸ್ಟು ಹಿಡಿದದ್ದನ್ನು ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆ ಬ್ರಷ್‌ನಿಂದ ಉಜ್ಜಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಕೆಲವೇ ವರ್ಷದಲ್ಲಿ ಹಳದಿಯಾಗಿ ಎದ್ದು ಬರುತ್ತದೆ. ಲ್ಯಾಮಿನೇಷನ್ ಮಾಡಿಸಿ ಹೆಚ್ಚು ಬೆಲೆ ಕೇಳುವವರಿಗೆ ನಾವು ಕಡಿಮೆಯೇ ಕೊಡುತ್ತೇವೆ.

ಮಾರುವಾಗ ಐದು ಫೋಟೊ ಸಾಕು: ಹೊದಿಕೆ, ನಂಬರಿರುವ ಪುಟ, ವಿಭಾಗಪಟ್ಟಿ, ಬಿಡಿಸಿದ ವೈರಿಂಗ್ ನಕ್ಷೆ, ಅತಿ ಕೆಟ್ಟಿರುವ ಒಂದು ಪುಟ. ‘ಟಾರ್ಕ್ ಪಟ್ಟಿಯದ್ದೊಂದು ಫೋಟೊ ಕಳಿಸಿ, ನೋಡಿ ಹೇಳುತ್ತೇನೆ’ ಎನ್ನುವವನು ಕೊಳ್ಳುವವನಲ್ಲ, ಆ ಅಂಕಿ ಪುಕ್ಕಟೆ ಬೇಕಾದವನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಸೆಲ್ ಮಾಡುವುದಾದರೆ ಮೊದಲು ಪ್ಲಾಸ್ಟಿಕ್, ಅದರ ಮೇಲೆ ಎರಡೂ ಬದಿ ರಟ್ಟು, ಮತ್ತೆ ಪ್ಲಾಸ್ಟಿಕ್. ಗುಜರಿ ಅಂಗಡಿಯವರಲ್ಲಿ ಒಂದೇ ಕೋರಿಕೆ: ತೂಗುವ ಮುಂಚೆ ಮ್ಯಾನುವಲ್ ಇರುವ ರಿಂಗ್ ಫೈಲಿನ ಕಬ್ಬಿಣ ಕಿತ್ತು ಹಾಳೆಗಳನ್ನು ಚದುರಿಸಬೇಡಿ. ಫೈಲು ಹಾಗೇ ಇದ್ದರೆ ಕಬ್ಬಿಣದ ಬೆಲೆ, ಕಾಗದದ ಬೆಲೆ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುವವರು ಇದ್ದೇವೆ.

– ಹಳೆ ವಾಹನಗಳ ಪುಸ್ತಕ ಮತ್ತು ಬಿಡಿಭಾಗದ ವ್ಯಾಪಾರಿಗಳು, ಉಪ್ಪಳ